ಬಿಳಿ ದೀಪದ ಹೊತ್ತು

ನೇರಳೆ ದೀಪದ ಕೋಣೆಗೆ ಮೊದಲ ಸಲ ಕಾಲಿಟ್ಟವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದೇನು ಮೇಡಂ, ಗಿಡಗಳೆಲ್ಲ ಕಪ್ಪಗಿವೆಯಲ್ಲ!" ಕಪ್ಪಗಿಲ್ಲ ಕಣ್ರಪ್ಪ, ಹಸಿರಾಗಿಯೇ ಇವೆ. ಕೆಂಪು ಮತ್ತು ನೀಲಿ ದೀಪಗಳನ್ನಷ್ಟೇ ಉರಿಸಿದರೆ ಹಸಿರು ಹಸಿರಾಗಿ ಕಾಣುವುದಕ್ಕೆ ಅಲ್ಲಿ ತಕ್ಕ ಬೆಳಕೇ ಇರುವುದಿಲ್ಲ. ಎಳೆ ಸಸಿ ಹೆಚ್ಚಾಗಿ ಬಳಸಿಕೊಳ್ಳುವ ಬಣ್ಣಗಳನ್ನು ನಾವು ಕೊಡುತ್ತೇವೆ, ನಮ್ಮ ಕಣ್ಣಿಗೆ ಬೇಕಾದದ್ದನ್ನು ಕೊಡುವುದಿಲ್ಲ. ಕೇಳುವುದಕ್ಕೆ ಎಷ್ಟು ಸುಲಭವಾಗಿದೆ ನೋಡಿ. ಇದು ನನ್ನ ತಲೆಗೆ ಸರಿಯಾಗಿ ಇಳಿಯಬೇಕಾದರೆ ಒಂದು ವ್ಯಾನು ತುಂಬ ಟೊಮೆಟೊ ಸಸಿ ಮತ್ತು ನನ್ನ ಸ್ವಂತ ಮುಖ ಎರಡೂ ಬೇಕಾದವು.

ಸಸಿ ಬೆಳೆಸುವ ದೀಪಗಳ ಸಂಶೋಧನೆಗೆ ಈಗ ತುಂಬ ಜನ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಮೊನ್ನೆ ಅವರಲ್ಲಿ ಇಬ್ಬರು ಬಂಗಾರಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದು, "ನಿಮ್ಮ ಅನುಭವ ಬರೆದುಕೊಡಿ ಮೇಡಂ, ನಮಗೆ ಉಪಯೋಗಕ್ಕೆ ಬರುತ್ತೆ" ಎಂದರು. ಉಪಯೋಗಕ್ಕೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಯಾವಾಗ ಯಾವ ಕುರ್ಚಿಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ, ಅದನ್ನು ಓದಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆ ಕೋಣೆಯಲ್ಲಿ ಏನಾಯಿತು, ಏನು ಕೆಡಿಸಿದೆವು, ಯಾರು ನನ್ನನ್ನು ಉಳಿಸಿದರು, ಅಷ್ಟನ್ನು ಹೇಳುತ್ತೇನೆ.

ನಮ್ಮ ಕೇಂದ್ರ ಇದ್ದದ್ದು ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕಂಪನಿಯ ಕಾಲದ ಒಂದು ಹಳೇ ಉಗ್ರಾಣದಲ್ಲಿ. ದಪ್ಪನೆಯ ಕಲ್ಲುಗೋಡೆ, ಎತ್ತರದಲ್ಲಿ ಎರಡೇ ಎರಡು ಸಣ್ಣ ಕಿಟಕಿ. ಹೊರಗಿನ ಬೆಳಕು ಒಳಗೆ ನುಸುಳಬಾರದು ಎಂಬ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಗಾಳಿ ಎದ್ದರೆ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದು ಪುಡಿ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು, ಅದೇ ಸಂದಿಯಿಂದ ನೇರಳೆ ಬೆಳಕು ಹೊರಗೆ ಹೋಗುತ್ತಿತ್ತು. ಆಟೋದವರು ನಮ್ಮ ಕೇಂದ್ರಕ್ಕೆ 'ಬಾರ್ ಆಫೀಸು' ಎಂದು ಹೆಸರಿಟ್ಟಿದ್ದರು. ಊರಿಗಾಂ ಸ್ಟೇಷನ್ನಿನಲ್ಲಿ ರೈಲಿಳಿದು, ಬೆಳಿಗ್ಗೆ ಬೆಳಿಗ್ಗೆ ಕುಂಕುಮ ಇಟ್ಟುಕೊಂಡ ಹೆಂಗಸು "ಬಾರ್ ಆಫೀಸಿಗೆ ನಡಿಯಪ್ಪ" ಎಂದರೆ ಹೊಸ ಆಟೋದವರು ಒಮ್ಮೆ ತಿರುಗಿ ನೋಡುತ್ತಿದ್ದರು.

ಕೆಲಸ ಏನಪ್ಪಾ ಎಂದರೆ, ಯಾವ ಬಣ್ಣದ ದೀಪವನ್ನು ಎಷ್ಟು ಎತ್ತರದಲ್ಲಿ ಎಷ್ಟು ಹೊತ್ತು ಉರಿಸಿದರೆ ಸಸಿ ಗಿಡ್ಡಗೆ ಗಟ್ಟಿಯಾಗಿ ಬೆಳೆಯುತ್ತದೆ, ಕತ್ತರಿಸಿ ನೆಟ್ಟ ಕಡ್ಡಿಗೆ ಬೇಗ ಬೇರು ಬರುತ್ತದೆ ಎಂದು ಕಂಡುಹಿಡಿದು ಸುತ್ತಲಿನ ಬೆಳೆಗಾರರಿಗೆ ತಿಳಿಸುವುದು. ಕೇಂದ್ರದ ಮುಖ್ಯಸ್ಥರು ಶಿವನಂಜಪ್ಪನವರು. ಚಾಮರಾಜನಗರದ ಕಡೆಯವರು, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅಬ್ಬಾ, ಅವರ ಕೋಪ! ಟ್ರೇಗೆ ನೀರು ಜಾಸ್ತಿಯಾದರೆ ಕೂಗು, ಕಡಿಮೆಯಾದರೆ ಕೂಗು. ಕೂಗಿ ಮುಗಿದ ಮೇಲೆ ರಾಬರ್ಟ್‌ಸನ್‌ಪೇಟೆಯಿಂದ ಜಿಲೇಬಿ ತರಿಸಿ ಎಲ್ಲರಿಗೂ ಹಂಚಿ, ಎಲ್ಲರಿಗಿಂತ ಹೆಚ್ಚು ತಾವೇ ತಿನ್ನುತ್ತಿದ್ದರು. ಪ್ರತಿದಿನ ಒಳಗೆ ಬರುತ್ತಲೇ ಅವರು ಕೇಳುತ್ತಿದ್ದುದು ಒಂದೇ ಮಾತು: "ಕೆಳಗಿನ ಎಲೆ ಹೇಗಿದೆ?"

ಅದಕ್ಕೆ ಕಾರಣ ಇದೆ. ಸಸಿಗೆ ಊಟ ಸಾಲದೇ ಹೋದರೆ ಅದು ತನ್ನ ಕೆಳಗಿನ ಎಲೆಯಿಂದ ಸತ್ವವನ್ನು ಎಳೆದು ಮೇಲಿನ ಚಿಗುರಿಗೆ ಕೊಡುತ್ತದೆ. ಮೇಲೆ ನೋಡಿದರೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಕಷ್ಟ ಗೊತ್ತಾಗಬೇಕಾದರೆ ಬಗ್ಗಿ ಕೆಳಗೆ ನೋಡಬೇಕು. ನಾವು ಬಗ್ಗಿ ನೋಡಿ, "ಚೆನ್ನಾಗಿದೆ ಸಾರ್" ಎನ್ನುತ್ತಿದ್ದೆವು.

ನಾವು ಎಂದರೆ ನಾನು ಮತ್ತು ಸೆಲ್ವಿ. ಸೆಲ್ವಿ ಟ್ರೇ ತುಂಬುವ, ಬೀಜ ಹಾಕುವ, ಕಡ್ಡಿ ಕತ್ತರಿಸುವ ಕೆಲಸಕ್ಕೆ ಬಂದವಳು. ನನಗಿಂತ ಚಿಕ್ಕವಳು, ಆದರೆ ಗದರುವುದರಲ್ಲಿ ನನ್ನ ಅಜ್ಜಿ. ಅವಳ ಮನೆ ಅಲ್ಲೇ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು. "ಬೈಯೋಕೆ ತೆಲುಗೇ ಚೆಂದ ಅಕ್ಕಾ, ಬಾಯಿ ತುಂಬ್ತದೆ" ಎನ್ನುತ್ತಿದ್ದಳು. ಅವಳ ಅಪ್ಪ ಗಣಿಯಲ್ಲಿ ದುಡಿದು ಕಲ್ಲಿನ ಧೂಳು ಕುಡಿದವರು. ನಾನು ನೋಡುವ ಹೊತ್ತಿಗೆ ಮನೆ ಮುಂದೆ ಮಂಚ ಹಾಕಿಕೊಂಡು, ಒಂದೊಂದು ಉಸಿರನ್ನೂ ಕಷ್ಟಪಟ್ಟು ಎಳೆಯುತ್ತಾ ಕೂತಿರುತ್ತಿದ್ದರು.

ಮೊದಲು ಸೇವಂತಿಗೆಯ ಕತೆ ಹೇಳಿಬಿಡುತ್ತೇನೆ, ಅದು ನಗುವ ಕತೆ. ರಾತ್ರಿ ಉದ್ದವಾಯಿತು ಎಂದು ಸೇವಂತಿಗೆ ಗಿಡಕ್ಕೆ ಗೊತ್ತಾದರೆ ಅದು ಮೊಗ್ಗು ಕಟ್ಟುತ್ತದೆ. ಕಡ್ಡಿ ಕತ್ತರಿಸುವುದಕ್ಕೆಂದು ಇಟ್ಟುಕೊಂಡ ತಾಯಿಗಿಡ ಮೊಗ್ಗು ಕಟ್ಟಿದರೆ ಕೆಟ್ಟಿತು, ಆ ಕಡ್ಡಿ ಬೇರು ಬಿಡಲು ಮನಸ್ಸು ಮಾಡುವುದಿಲ್ಲ. ಅದಕ್ಕೇ ನಡುರಾತ್ರಿ ಸ್ವಲ್ಪ ಹೊತ್ತು ದೀಪ ಉರಿಸಿ, ರಾತ್ರಿ ಚಿಕ್ಕದೇ ಎಂದು ಅದನ್ನು ನಂಬಿಸುತ್ತೇವೆ. ನಮ್ಮ ಗಿಡಗಳು ಮಾತ್ರ ಆ ವರ್ಷ ಯಾವುದನ್ನೂ ನಂಬದೆ ಕೋಣೆ ತುಂಬ ಮೊಗ್ಗು ಬಿಟ್ಟವು. ಸಾಹೇಬರು ದೀಪ ಬಿಚ್ಚಿಸಿದರು, ವೈರು ಬದಲಾಯಿಸಿದರು, ಟೈಮರು ಕೊಟ್ಟ ಅಂಗಡಿಯವನಿಗೆ ಫೋನಿನಲ್ಲಿ ಕೂಗಾಡಿದರು. ಕೊನೆಗೆ ಕಾವಲುಗಾರ ಮುನಿಶಾಮಪ್ಪ ತಾನಾಗಿಯೇ ಬಂದು ಕೈಕಟ್ಟಿಕೊಂಡು ನಿಂತ.

"ನಾನೇ ಆರಿಸ್ತಿದ್ದೆ ಸಾರ್."

"ಯಾಕಯ್ಯಾ?"

"ಅಗಲೆಲ್ಲಾ ಬೆಳಕು, ರಾತ್ರೀನೂ ಬೆಳಕು. ಪಾಪ, ಅವು ಮಲಗೋದು ಯಾವಾಗ ಸಾರ್? ನನ್ ಕೈಲಿ ನೋಡಕ್ಕಾಗ್ಲಿಲ್ಲ."

ಆಮೇಲಿನ ವಾರವೆಲ್ಲ ಊರಿಗಾಂ ಲೈನಿನ ಹೆಂಗಸರ ಮುಡಿಯಲ್ಲಿ ನಮ್ಮ ಪ್ರಯೋಗವೇ ಪ್ರಯೋಗ. ಸಾಹೇಬರೂ ಒಂದು ಬೊಗಸೆ ಹೂವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೆಂಡತಿಗೆ ಒಯ್ದರು. ಮುನಿಶಾಮಪ್ಪನಿಗೆ ಒಂದು ಬೈಗುಳವೂ ಬೀಳಲಿಲ್ಲ.

ನನ್ನ ಕಾಯಿಲೆ ಶುರುವಾದದ್ದು ಆ ಸುಮಾರಿಗೇ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಎಷ್ಟು ಮಲಗಿದರೂ ಸುಸ್ತು. ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದು ಬಂದ ದಿನ ಎರಡು ಕೆನ್ನೆ, ಮೂಗಿನ ಮೇಲೆ ಕೆಂಪು ಏಳುತ್ತಿತ್ತು. ಒಬ್ಬ ಡಾಕ್ಟರು ವಾಯು ಎಂದರು, ಒಬ್ಬರು ಅಲರ್ಜಿ ಎಂದರು, ಇನ್ನೊಬ್ಬರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಉಪದೇಶ ಮಾಡಿದರು. ಮೈಯೆಲ್ಲ ನೋವು ಅಂದರೆ ಹೆಂಗಸರಿಗೆ ಸಿಗುವ ಔಷಧಿ ಮೊದಲು ಅದೇ ತಾನೆ! ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ ಲೂಪಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಮೈಯನ್ನೇ ಹೊಡೆಯುವ ರೋಗ. ಪೂರ್ತಿ ವಾಸಿಯಾಗುವುದಿಲ್ಲ, ಮಾತ್ರೆ ನುಂಗಿಕೊಂಡು ಹತೋಟಿಯಲ್ಲಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯ, ಬಿಸಿಲಿಗೆ ಹೋಗಬಾರದು.

ಬಿಸಿಲಿಗೆ ಹೋಗಬಾರದು ಎಂದರೆ ನಾನು ಕೆಲಸ ಬಿಡಬೇಕು ಎಂದೇ ಅರ್ಥ. ನಮ್ಮಲ್ಲಿ ಸಸಿ ಬೆಳೆಸಿದವರೇ ಬೆಳೆಗಾರರ ಹೊಲಕ್ಕೂ ಹೋಗಿ ನೋಡಿ ಬರಬೇಕು. ಹೊಲಕ್ಕೆ ಹೋಗಲಾರದವರನ್ನು ದೂರದ ಮುಖ್ಯ ಕಚೇರಿಗೆ, ಫೈಲು ನೋಡುವ ಕೆಲಸಕ್ಕೆ ಹಾಕುತ್ತಿದ್ದರು. ಹಾಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ನನಗೆ ಆ ಕೋಣೆ ಬೇಕಿತ್ತು. ಮಣ್ಣಿಗೆ ಹಾಕಿದ ಬೀಜ ತಲೆ ಎತ್ತಿದೆಯೋ ಇಲ್ಲವೋ ಎಂದು ಬೆಳಿಗ್ಗೆ ಬಾಗಿಲು ತೆಗೆದು ನೋಡುವ ಆಸೆ ಒಂದಿರುತ್ತದಲ್ಲ, ಅದಕ್ಕಾಗಿಯೇ ನಾನು ಹಾಸಿಗೆಯಿಂದ ಏಳುತ್ತಿದ್ದೆ. ಆದ್ದರಿಂದ ಯಾರಿಗೂ ಹೇಳಲಿಲ್ಲ. ಮನೆಯವರಿಗೆ ಮಾತ್ರ ಗೊತ್ತಿತ್ತು, ಸೆಲ್ವಿಗೂ ಹೇಳಿರಲಿಲ್ಲ. ಮುಚ್ಚಿಡುವುದು ಅಂಥ ಕಷ್ಟವಾಗಿರಲಿಲ್ಲ. ಹೊಲದ ಕೆಲಸ ಬಂದರೆ ಏನೋ ನೆಪ ಹೇಳುತ್ತಿದ್ದೆ. ಇನ್ನು ಮುಖದ ಕೆಂಪು, ಕೆಂಪು ದೀಪದ ಕೆಳಗೆ ಕೆಂಪು ಕಾಣುವುದಿಲ್ಲವಲ್ಲ. ಆ ನೇರಳೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಆರೋಗ್ಯವಂತೆ.

ನಾನೊಬ್ಬಳೇ ಅಲ್ಲ, ಅಲ್ಲಿ ಎಲ್ಲವೂ ಆರೋಗ್ಯವಾಗಿಯೇ ಕಾಣುತ್ತಿತ್ತು. ಆ ಕೋಣೆಯಲ್ಲಿ ಮೊದಲು ಎರಡು ಬಿಳಿ ಟ್ಯೂಬ್‌ಲೈಟಿದ್ದವು. ನೇರಳೆ ದೀಪದ ಲೆಕ್ಕಕ್ಕೆ ಬೇರೆ ಬೆಳಕು ಬೆರೆತರೆ ಪ್ರಯೋಗ ಕೆಡುತ್ತದೆ ಎಂದು ಸಾಹೇಬರೇ ಅವನ್ನು ತೆಗೆಸಿಹಾಕಿದ್ದರು. ಆ ಹೊತ್ತಿಗೆ ಕ್ಯಾಸಂಬಳ್ಳಿಯ ಟೊಮೆಟೊ ಬೆಳೆಯುವ ಹೆಂಗಸರ ಗುಂಪಿಗೆ ನಮ್ಮ ದೀಪದ ಸಸಿಗಳನ್ನು ಮೊದಲ ಸಲ ಕೊಡುವುದು ಎಂದಾಯಿತು. ಸಸಿಗಳೋ, ನೋಡಿದರೆ ದೃಷ್ಟಿಯಾಗಬೇಕು, ಹಾಗೆ ಕಪ್ಪಗೆ ದಟ್ಟವಾಗಿ ನಿಂತಿದ್ದವು. "ಕೆಳಗಿನ ಎಲೆ ಹೇಗಿದೆ?" ಎಂದು ಸಾಹೇಬರು ಕೇಳಿದರು. ನಾನು ಬಗ್ಗಿ ನೋಡಿದೆ, ಸೆಲ್ವಿ ಬಗ್ಗಿ ನೋಡಿದಳು, ಸಾಹೇಬರೂ ಬಗ್ಗಿ ನೋಡಿದರು. ಚೆನ್ನಾಗಿದೆ ಎಂದು ಮೂವರೂ ಒಪ್ಪಿ, ವ್ಯಾನಿನ ಹಿಂಬಾಗಿಲನ್ನು ಕೋಣೆಯ ಬಾಗಿಲಿಗೇ ತಾಗಿಸಿ ನಿಲ್ಲಿಸಿ, ನೇರಳೆ ಬೆಳಕಿನಿಂದ ನೇರವಾಗಿ ತುಂಬಿಸಿದೆವು. ಆ ದಿನ ನನಗೆ ನೆಪ ಸಿಗಲಿಲ್ಲ, ನಾನೂ ಹತ್ತಿದೆ.

ಕ್ಯಾಸಂಬಳ್ಳಿ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಗುಂಪಿನ ಹಿರಿಯಳು ನಾರಾಯಣಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದ ಬದುವಿನಲ್ಲೇ ಕಾಯುತ್ತಿದ್ದಳು. ಸಾಲು ಎಳೆದು, ನೀರು ಬಿಟ್ಟು, ಎಲ್ಲ ಸಿದ್ಧ ಮಾಡಿಟ್ಟಿದ್ದರು. ವ್ಯಾನಿನ ಹಿಂದಿನ ಬಾಗಿಲು ತೆಗೆದೆವು. ಮೊದಲ ಟ್ರೇ ಬಿಸಿಲಿಗೆ ಬಂದದ್ದೇ ತಡ, ನಾರಾಯಣಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದೇನ್ ಸಾರ್, ಕೆಳಗಿನ್ ಎಲೆಗೆಲ್ಲಾ ಅರಿಸ್ನ ಬಳ್ದಂಗೈತೆ!"

ಇನ್ನೊಂದು ಟ್ರೇ ಇಳಿಸಿದೆವು. ಅರಿಶಿನ. ಮತ್ತೊಂದು ಇಳಿಸಿದೆವು, ಅದೂ ಅರಿಶಿನ. ನಮ್ಮ ದಟ್ಟ ಕಪ್ಪು ಸಸಿಗಳು ಹಗಲ ಬೆಳಕಿನಲ್ಲಿ ಅರೆಹೊಟ್ಟೆಯ ಮಕ್ಕಳ ಹಾಗೆ ನಿಂತಿದ್ದವು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ನಾರಾಯಣಮ್ಮ ಟ್ರೇಯಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳ ದನಿಯೇ ಬದಲಾಯಿತು.

"ಅಯ್ಯೋ ನನ್ನವ್ವ, ನಿನ್ ಮಕಕ್ಕೇನಾಯ್ತು? ಯಾರಾನಾ ಒಡುದ್ರಾ?"

ಎಲ್ಲರೂ ತಿರುಗಿದರು. ನಾನು ಸೆರಗು ಎಳೆದುಕೊಂಡೆ. ಸಾಹೇಬರು ಹತ್ತಿರ ಬಂದು, ಟ್ರೇ ನೋಡುವ ಹಾಗೆಯೇ ಸ್ವಲ್ಪ ಬಗ್ಗಿ ನನ್ನ ಮುಖ ನೋಡಿದರು.

"ಎಷ್ಟು ದಿನದಿಂದ?"

"ಗೊತ್ತಿಲ್ಲ ಸಾರ್. ಆ ದೀಪದಲ್ಲಿ ಹಳದಿ ಕಾಣಲೇ ಇಲ್ಲ."

"ಸಸಿ ಅಲ್ಲಮ್ಮ, ನಿನ್ನ ಕೇಳ್ತಿದೀನಿ."

ಸಾಹೇಬರು ಯಾವತ್ತೂ ನಮ್ಮನ್ನು ಏಕವಚನದಲ್ಲಿ ಕರೆದವರಲ್ಲ. ಬೈಯುವಾಗಲೂ 'ನೀವು' ಎಂದೇ ಬೈಯುತ್ತಿದ್ದರು. ಆ 'ನಿನ್ನ' ಕೇಳಿದ್ದೇ ನನಗೆ ಅಳು ಬಂದುಬಿಟ್ಟಿತು. ನಾರಾಯಣಮ್ಮ ಏನೂ ಕೇಳದೆ ನನ್ನ ರಟ್ಟೆ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸಿ, ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಹೊರಗೆ ಸಾಹೇಬರು ಹೆಂಗಸರಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. "ತಪ್ಪು ನಂದು ತಾಯಿ. ಬಿಳಿ ದೀಪ ತೆಗೆಸಿದ್ದೇ ನಾನು. ಇವನ್ನ ವಾಪಸ್ ತಗೊಂಡು ಹೋಗಿ ಗೊಬ್ಬರ ಕೊಟ್ಟು, ಹಸಿರಾದ ಮೇಲೇ ತಂದುಕೊಡ್ತೀನಿ. ಅಲ್ಲೀವರೆಗೂ ನಿಮ್ಮ ಸಾಲು ಒಣಗದ ಹಾಗೆ ನೋಡಿಕೊಳ್ಳಿ."

ವಾಪಸ್ಸು ಬರುವಾಗ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿಗೆ ತಮ್ಮ ಟವೆಲು ಕಟ್ಟಿದರು. ನಾನು ಎಲ್ಲ ಹೇಳಿದೆ. ರೋಗದ ಹೆಸರು, ಮಾತ್ರೆ, ಬಿಸಿಲು, ಮುಖ್ಯ ಕಚೇರಿಯ ಭಯ, ಯಾವುದನ್ನೂ ಬಿಡಲಿಲ್ಲ. ಹಿಂದೆ ಟ್ರೇಗಳ ನಡುವೆ ಕೂತಿದ್ದ ಸೆಲ್ವಿ, "ನನಗ್ಯಾಕ್ ಹೇಳ್ಲಿಲ್ಲ ಅಕ್ಕಾ" ಎಂದು ಒಂದು ಸಲ ಕೇಳಿ, ಆಮೇಲೆ ದಾರಿಯುದ್ದಕ್ಕೂ ಮೂಗು ಒರೆಸಿಕೊಳ್ಳುತ್ತಿದ್ದಳು. ಸಾಹೇಬರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮನೆಗೆ ಬಂದು ನಮ್ಮ ಮನೆಯವರಿಗೆ, "ನನ್ನ ಕತೆ ಮುಗೀತು" ಎಂದೆ. ಅವರು ಫ್ಯಾಕ್ಟರಿಯಿಂದ ಬಂದು ಮುದ್ದೆ ತಿರುವುತ್ತಿದ್ದರು. "ಹೋದರೆ ಹೋಗಲಿ ಬಿಡು, ಜೀವಕ್ಕಿಂತ ಕೆಲಸ ದೊಡ್ಡದಾ?" ಎಂದರು. ಪಾಪ, ಅವರು ಹೇಳಿದ್ದು ಸರಿಯೇ. ಆದರೆ ನನಗೆ ಎಂಥ ಸಿಟ್ಟು ಬಂತೆಂದರೆ, ಆ ರಾತ್ರಿ ಮುದ್ದೆ ಮುಟ್ಟಲಿಲ್ಲ.

ಮರುದಿನ ಕೊನೆಯ ಸಲ ಎಂದುಕೊಂಡೇ ಹೋದೆ. ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಏಣಿ ಹಾಕಿಕೊಂಡು ಚಾವಣಿಗೆ ಬಿಳಿ ದೀಪ ಕೂರಿಸುತ್ತಿದ್ದ. ಟ್ಯೂಬ್‌ಲೈಟಲ್ಲ, ಎಲ್‌ಇಡಿ. ಈ ರೋಗದವರಲ್ಲಿ ಕೆಲವರಿಗೆ ಟ್ಯೂಬ್‌ಲೈಟಿನ ಬೆಳಕೂ ಆಗುವುದಿಲ್ಲ ಎಂದು ಸಾಹೇಬರು ಅಷ್ಟರಲ್ಲಿ ಯಾವುದೋ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದರು. ದೀಪ ಹತ್ತಿತು. ಆಗ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು:

"ಇವತ್ತಿಂದ ಕೆಲಸ ಶುರು ಮಾಡೋ ಮುಂಚೆ ನೇರಳೆ ಆರಿಸಿ, ಬಿಳಿ ಹಾಕಿ. ಮೊದಲು ಕೆಳಗಿನ ಎಲೆ ನೋಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ. ಚೆನ್ನಾಗಿಲ್ಲದ ಟ್ರೇನ ಪಕ್ಕಕ್ಕೆ ಇಡಿ. ಚೆನ್ನಾಗಿಲ್ಲದ ಮನುಷ್ಯರನ್ನ ಕೂರಿಸಿ."

"ಹೊಲದ ಕೆಲಸ ಸಾರ್?" ಎಂದು ನಾನೇ ಕೇಳಿದೆ.

"ಸಂಜೆ ಹೋಗೋಣ. ಬಿಸಿಲು ಇಳಿದ ಮೇಲೂ ಹೊಲ ಅಲ್ಲೇ ಇರುತ್ತೆ."

ಅಷ್ಟೇ. ಅಂದಿನಿಂದ ನಮ್ಮ ಕೇಂದ್ರದವರು ಹೊಲಕ್ಕೆ ಹೋಗುವುದು ಸಂಜೆಯೇ ಎಂದಾಯಿತು. ಕ್ಯಾಸಂಬಳ್ಳಿಯವರಿಗೂ ಅದೇ ಅನುಕೂಲವಾಯಿತು, ಬೆಳಿಗ್ಗೆ ಅವರಿಗೆ ಡೇರಿಗೆ ಹಾಲು ಹಾಕುವ, ತರಕಾರಿ ಸಾಗಿಸುವ ಗಡಿಬಿಡಿ. ಗೊಬ್ಬರದ ನೀರು ಕುಡಿದು ಚೇತರಿಸಿಕೊಂಡ ಆ ಸಸಿಗಳನ್ನು ನಾರಾಯಣಮ್ಮ ಇಳಿಸಿಕೊಂಡದ್ದೂ ಒಂದು ಸಂಜೆಯೇ. ಆಗ ಅವಳು ಒಂದೊಂದು ಟ್ರೇಯ ಬುಡವನ್ನೂ ನೋಡಿ, ಆಮೇಲೆ ನನ್ನ ಗಲ್ಲ ಹಿಡಿದು ಎತ್ತಿ ನೋಡಿ, "ಇವಾಗ ಎರಡೂ ಪರವಾಗಿಲ್ಲ" ಎಂದಳು.

ಬಿಳಿ ದೀಪದ ಸ್ವಿಚ್ಚು ಸೆಲ್ವಿಯ ಸುಪರ್ದಿಗೆ ಬಂತು. ದೀಪ ಹಾಕಿ ನೋಡುವ ಆ ಸಮಯಕ್ಕೆ 'ಬಿಳಿ ಹೊತ್ತು' ಎಂದು ಹೆಸರಿಟ್ಟವಳೂ ಅವಳೇ. ದಿನಾ ಬೆಳಿಗ್ಗೆ ದೀಪ ಹಾಕಿ, ಟ್ರೇ ನೋಡಿ ಮುಗಿಸಿ, ನನ್ನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಕೆಂಪು ಎದ್ದಿದ್ದರೆ ಸ್ಟೂಲು ಎಳೆದು ಹಾಕಿ, "ಕೂತ್ಕೋ. ಇವತ್ತು ನೀನು ಬಾಯಲ್ಲಿ ಹೇಳು, ಕೈ ನಂದು" ಎನ್ನುತ್ತಿದ್ದಳು. ಮಾತ್ರೆಯಿಂದ ನನ್ನ ಮುಖ ಊದಿಕೊಂಡು ಗುಂಡಗಾದಾಗ ಉಳಿದವರು ನೋಡಿಯೂ ನೋಡದ ಹಾಗೆ ಇದ್ದರು, ಅವಳು ಮಾತ್ರ "ಇಡ್ಲಿ ಥರಾ ಆಗಿದ್ದೀಯ ಅಕ್ಕಾ, ಮುದ್ದಾಗೈತೆ" ಎಂದು ಕೆನ್ನೆ ಹಿಂಡಿದಳು. ಎಷ್ಟೋ ದಿನಗಳ ಮೇಲೆ ಅವತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಂದು ದಿನ ತೀರಾ ಬೇಸತ್ತು, "ಇದು ಯಾವಾಗ ಹೋಗುತ್ತೋ ಸೆಲ್ವಿ" ಎಂದೆ. ಅವಳು ಸೇವಂತಿಗೆ ಕಡ್ಡಿ ಕತ್ತರಿಸುತ್ತಲೇ ಹೇಳಿದಳು: "ಓಗಲ್ಲ ಅಕ್ಕಾ. ನಮ್ಮಪ್ಪನ ಕೆಮ್ಮು ಓಯ್ತಾ? ಇದು ಮನೇಲಿರೋ ಮಾವ ಇದ್ದಂಗೆ. ಆಚೆ ಹಾಕಕ್ಕಾಗಲ್ಲ. ಹೊತ್ತೊತ್ತಿಗೆ ಕಾಫಿ ಕೊಟ್ಟು, ಜಾಸ್ತಿ ಎದುರು ಮಾತಾಡ್ದೆ ಇದ್ರೆ, ಅವರ ಪಾಡಿಗೆ ಅವರು ಮೂಲೇಲಿ ಇರ್ತಾರೆ. ನಾವು ನಮ್ ಕೆಲಸ ಮಾಡ್ಕೋಬೋದು." ದೊಡ್ಡಾಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರು ಸಿಕ್ಕಿದ್ದರು, ಅವರ ಮಾತ್ರೆಯಿಂದಲೇ ನಾನು ಬದುಕಿದ್ದೇನೆ, ಸುಳ್ಳು ಹೇಳಬಾರದು. ಆದರೆ ಆ ಮಾತ್ರೆ ನುಂಗಿಕೊಂಡು ದಿನ ಕಳೆಯುವುದು ಹೇಗೆ ಎಂದು ಕಲಿಸಿದವಳು ಸೆಲ್ವಿ. ಮಾವನಿಗೆ ಕಾಫಿ ಕೊಟ್ಟೆಯಾ ಎಂದರೆ ಮಾತ್ರೆ ನುಂಗಿದೆಯಾ ಎಂದು ಅರ್ಥ. ಕೆಲಸಕ್ಕೆ ಬಂದ ಹೊಸಬರು ನನಗೆ ನಿಜವಾಗಿಯೂ ಬಹಳ ಕಾಟ ಕೊಡುವ ಮಾವ ಒಬ್ಬರಿದ್ದಾರೆಂದು ನಂಬಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಸ್ವಲ್ಪ ಕೊಟ್ಟರೆ ಸಸಿ ಗಿಡ್ಡಗೆ ಗಟ್ಟಿಯಾಗುತ್ತದೆ ಎಂಬುದು ಸಾಹೇಬರ ಬಹುಕಾಲದ ಆಸೆಯ ಪ್ರಯೋಗ. ಆ ಕಿರಣ ಕೊಡುವ ದೀಪಕ್ಕಾಗಿ ಮೇಲಿನವರ ಹತ್ತಿರ ಜಗಳವಾಡಿ ಕೊನೆಗೂ ತರಿಸಿದ್ದರು. ಪೆಟ್ಟಿಗೆ ಬಂದದ್ದು ಕ್ಯಾಸಂಬಳ್ಳಿಯ ಘಟನೆ ಆದ ಸ್ವಲ್ಪ ದಿನಕ್ಕೆ. ನಾನು ಬಿಚ್ಚಲು ಹೋದರೆ, "ಬಿಡಿ, ಈ ಹವೆಗೆ ಅದು ಸರಿ ಹೋಗಲ್ಲ" ಎಂದು ಅಲಮಾರಿನ ಮೇಲೆ ಎತ್ತಿಡಿಸಿದರು. ನಾನು ನಂಬಿದೆ. ನನಗೆ ಆಗದ ಕಿರಣ ಅದೇ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಆದರೆ ಎರಡನ್ನೂ ಸೇರಿಸಿ ನೋಡಲಿಲ್ಲ. ಅವರು ನಿವೃತ್ತರಾದ ದಿನ ಸೆಲ್ವಿ ಆ ಪೆಟ್ಟಿಗೆಯ ಧೂಳು ಒರೆಸುತ್ತಾ, "ಇದು ನಿನಗೋಸ್ಕರ ಮಲಗಿರೋ ದೀಪ ಅಕ್ಕಾ" ಎಂದಾಗಲೇ ತಿಳಿದದ್ದು. ಒಬ್ಬ ಸಂಶೋಧಕ ತನ್ನ ಆಸೆಯ ಪ್ರಯೋಗವನ್ನು ಅಟ್ಟಕ್ಕೆ ಹಾಕುವುದೆಂದರೆ ಏನು ಎಂದು ಈ ಕೆಲಸಕ್ಕೆ ಬಂದ ನಿಮಗೆ ನಿಧಾನವಾಗಿ ಗೊತ್ತಾಗುತ್ತದೆ. ಅವರು ಅದನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಹೇಳದೇ ಇದ್ದ ಕೃತಜ್ಞತೆ ಇನ್ನೂ ನನ್ನ ಎದೆಯಲ್ಲೇ ಇದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಈಗಿನ ದೀಪಗಳಲ್ಲಿ ಬಿಳಿಯನ್ನೂ ಬೆರೆಸಿರುತ್ತಾರೆ, ಗಿಡ ಗಿಡದ ಬಣ್ಣದಲ್ಲೇ ಕಾಣುತ್ತದೆ. ಎಲೆಯ ಫೋಟೋ ತೆಗೆದರೆ ಯಾವ ಸತ್ವ ಕಡಿಮೆ ಎಂದು ಫೋನೇ ಹೇಳುತ್ತದೆಯಂತೆ. ಬಹಳ ಸಂತೋಷ. ಆದರೂ ಹುಡುಗರೇ, ಬಿಳಿ ಹೊತ್ತನ್ನು ಬಿಡಬೇಡಿ. ಫೋನು ಟ್ರೇಯನ್ನಷ್ಟೇ ನೋಡುತ್ತದೆ, ಪಕ್ಕದಲ್ಲಿ ನಿಂತಿರುವವರ ಮುಖವನ್ನು ನೀವೇ ನೋಡಬೇಕು.

ನಾನೂ ನಿವೃತ್ತಳಾದೆ, ಅದೂ ಆ ಕೋಣೆಯಿಂದಲೇ. ಮುಖ್ಯ ಕಚೇರಿಯ ಫೈಲನ್ನು ನೋಡುವ ಭಾಗ್ಯ ಕೊನೆಗೂ ನನಗೆ ಒದಗಲಿಲ್ಲ. ಸಾಹೇಬರು ನಿವೃತ್ತರಾದ ಮೇಲೆ ಬಂಗಾರಪೇಟೆಯಲ್ಲೇ ಮಗ ಸೊಸೆಯ ಜೊತೆ ಇದ್ದಾರೆ, ಅವರ ಪತ್ನಿ ತೀರಿಕೊಂಡಿದ್ದಾರೆ. ಅಷ್ಟು ವರ್ಷ ತಿಂದ ಜಿಲೇಬಿ ಸುಮ್ಮನೆ ಬಿಡುತ್ತದೆಯೇ? ಸಕ್ಕರೆ ಕಾಯಿಲೆ ಹಿಡಿದು ಬಹಳ ಕಾಲವಾಗಿತ್ತು. ಕಳೆದ ಚಳಿಗಾಲದಲ್ಲಿ ಸೊಸೆ ಫೋನು ಮಾಡಿ, "ಮಾವ ಯಾಕೋ ರೂಮು ಬಿಟ್ಟು ಈಚೆಗೆ ಬರ್ತಿಲ್ಲ ಆಂಟಿ, ಕೇಳಿದ್ರೆ ಏನಿಲ್ಲ ಅಂತಾರೆ, ಜಾಸ್ತಿ ಕೇಳಿದ್ರೆ ಕೂಗಾಡ್ತಾರೆ" ಎಂದಳು. ಸೆಲ್ವಿಗೆ ಹೇಳಿದೆ. ಅವಳು ಸಂಜೆಯ ರೈಲಿಗೆ ಬಂದಿಳಿದಳು, ಇಬ್ಬರೂ ಹೋದೆವು.

ಸಾಹೇಬರು ಮಂಚದ ಮೇಲೆ ಕೂತಿದ್ದರು. ಸೊಂಟದಿಂದ ಕೆಳಗೆ ಶಾಲು ಹೊದ್ದಿದ್ದರು. ಕಿಟಕಿ ಮುಚ್ಚಿತ್ತು, ಮೂಲೆಯಲ್ಲಿ ಒಂದು ಚಿಕ್ಕ ಕೆಂಪು ಬಲ್ಬು ಉರಿಯುತ್ತಿತ್ತು. "ಓಹೋ, ಬನ್ನಿ ಬನ್ನಿ, ನಾನು ಫಸ್ಟ್ ಕ್ಲಾಸಾಗಿದೀನಿ" ಎಂದು ಜೋರಾಗಿ ಹೇಳಿದರು. ಆ ಬೆಳಕಿನಲ್ಲಿ ನಿಜವಾಗಿಯೂ ಚೆನ್ನಾಗಿಯೇ ಕಾಣುತ್ತಿದ್ದರು. ಸೆಲ್ವಿ ನನ್ನ ಮೊಣಕೈ ತಿವಿದಳು. ನಾನು ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದೆ.

"ಆರಿಸಮ್ಮ, ಕಣ್ಣಿಗೆ ಹೊಡೆಯುತ್ತೆ" ಎಂದು ಗದರಿದರು.

"ಬಿಳಿ ಹೊತ್ತು ಸಾರ್" ಎಂದೆ.

ಆ ಬೆಳಕಿನಲ್ಲಿ ಅವರ ಮುಖ ಇಳಿದುಹೋಗಿತ್ತು, ಕಣ್ಣಿನ ಸುತ್ತ ಕಪ್ಪಾಗಿತ್ತು. ನಾನು ಹತ್ತಿರ ಹೋಗಿ ಮಂಚದ ಪಕ್ಕ ಕೂತು ಕೇಳಿದೆ: "ಕೆಳಗಿನ ಎಲೆ ಹೇಗಿದೆ ಸಾರ್?"

ಅವರು ತಮ್ಮ ಕೈಯಿಂದಲೇ ಶಾಲನ್ನು ನಿಧಾನವಾಗಿ ಸರಿಸಿದರು. ಬಲಗಾಲಿನ ಹೆಬ್ಬೆರಳು ಕಪ್ಪ​ಗಾಗಿತ್ತು. ಪಾದ ಊದಿ, ಗಾಯಕ್ಕೆ ಹಳೇ ಬಟ್ಟೆ ಸುತ್ತಿಕೊಂಡಿದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ಇಷ್ಟು ವರ್ಷ ನಮ್ಮ ಮೇಲೆ ಕೂಗಾಡಿದ ಮನುಷ್ಯ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ ಕೇಳಿದರು:

"ಪಕ್ಕಕ್ಕೆ ಇಡ್ತೀರಾ?"

"ಇಲ್ಲ ಸಾರ್," ಎಂದಳು ಸೆಲ್ವಿ, ಅವರ ಕಾಲ ಕೆಳಗೆ ದಿಂಬು ಇಡುತ್ತಾ. "ಕೂರಿಸ್ತೀವಿ."

ಅವತ್ತೇ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಬೆರಳು ತೆಗೆದರು, ಪಾದ ಉಳಿಸಿದರು. ಈಗ ಅವರು ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ದಿನಾ ಬೆಳಿಗ್ಗೆ ಸೊಸೆ ವಿಡಿಯೋ ಕಾಲ್ ಹಚ್ಚಿ ಅವರ ಕೈಗೆ ಕೊಡುತ್ತಾಳೆ. ಮೊದಲು ಪಾದ ತೋರಿಸುತ್ತಾರೆ, ನಾನು ಚೆನ್ನಾಗಿ ನೋಡಿ ಹೂಂ ಎನ್ನುತ್ತೇನೆ. ಆಮೇಲೆ ಫೋನನ್ನು ಮುಖದ ಹತ್ತಿರ ತಂದು, "ಎಲ್ಲಿ, ದೀಪ ಹಾಕಮ್ಮ, ಈಗ ನಿನ್ನ ಮುಖ ನೋಡಬೇಕು" ಎನ್ನುತ್ತಾರೆ. ನಾನು ಎದ್ದು ದೀಪ ಹಾಕುತ್ತೇನೆ.